ಮಡ್‌ಗಾರ್ಡ್ ಕಿತ್ತು ಎಸೆಯುವ ಮುಂಚೆ ಒಂದು ಮಳೆಗಾಲ ನೋಡಿ

ಈಗೀಗ ನಮ್ಮ ಕೊಡಗಿನಲ್ಲಿ ಹಳೇ ಬೈಕ್ ಬಿಚ್ಚಿ ತಮಗೆ ಬೇಕಾದ ಹಾಗೆ ಕಟ್ಟಿಕೊಳ್ಳುವ ಹುಡುಗರು ಜಾಸ್ತಿ ಆಗಿದ್ದಾರೆ. ಕಾಫಿಗೆ ರೇಟು ಬಂದಿದ್ದೂ ಒಂದು ಕಾರಣ ಇರಬಹುದು. ತೋಟದ ಮನೆಗಳಲ್ಲಿ ಶೆಡ್‌ಗೆ ಬರವಿಲ್ಲ. ಸ್ಪ್ರೇಯರ್, ಪಂಪ್‌ಸೆಟ್, ಕಳೆ ಕತ್ತರಿಸುವ ಮಿಷನ್, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಎಲ್ಲ ರಿಪೇರಿ ಮಾಡಿ ಮಾಡಿ ಮನೆಗೊಬ್ಬನಿಗೆ ಸ್ಪ್ಯಾನರ್ ಹಿಡಿಯಲು ಬರುತ್ತದೆ. ಇಷ್ಟೆಲ್ಲ ಇದ್ದ ಮೇಲೆ ಬೈಕ್ ಕಟ್ಟುವ ಆಸೆ ಬರದಿದ್ದರೇ ಆಶ್ಚರ್ಯ. ನನಗೂ ಬಂತು. ಚಿಕ್ಕಪ್ಪನ ಹಳೇ ಬುಲೆಟ್ 350, ಎರಕದ ಕಬ್ಬಿಣದ ಇಂಜಿನ್‌ದು, ಶೆಡ್‌ನಲ್ಲಿ ಗೊಬ್ಬರದ ಚೀಲಗಳ ಹಿಂದೆ ನಿಂತಿತ್ತು. ಅದನ್ನೇ ಎಳೆದು ತಂದೆ.

ನನ್ನ ತಕರಾರು ಆಸೆಯ ಮೇಲಲ್ಲ. ಎಲ್ಲರೂ ಮೊದಲು ಮಾಡುವ ಕೆಲಸದ ಮೇಲೆ. ಮೊಬೈಲ್‌ನಲ್ಲಿ ಒಂದು ಫೋಟೊ ನೋಡುತ್ತಾರೆ, ಬಂದು ಮುಂದಿನ ಮಡ್‌ಗಾರ್ಡ್ ಕಿತ್ತು ಮೂಲೆಗೆ ಎಸೆಯುತ್ತಾರೆ, ಹಿಂದಿನದನ್ನು ಅರ್ಧಕ್ಕೆ ಕತ್ತರಿಸುತ್ತಾರೆ. ಕೇಳಿದರೆ ಬಾಬರ್ ಸ್ಟೈಲ್ ಅಂತ.

ಸ್ವಾಮಿ, ಆ ಸ್ಟೈಲ್ ಹುಟ್ಟಿದ್ದು ಅಮೆರಿಕದಲ್ಲಿ. ಭಾರದ ಬೈಕುಗಳ ತೂಕ ಇಳಿಸಿ ಜೋರಾಗಿ ಓಡಿಸಲು ಅಲ್ಲಿಯವರು ಬೇಡದ ತಗಡೆಲ್ಲ ಕಿತ್ತರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಇನ್ನೂ ಹಬ್ಬಿತು, ಕ್ಯಾಲಿಫೋರ್ನಿಯಾದಲ್ಲಂತೂ ಕೇಳುವುದೇ ಬೇಡ. ಅಲ್ಲಿನ ಲಾಸ್ ಏಂಜಲೀಸ್‌ನಲ್ಲಿ ಇಡೀ ವರ್ಷ ಸುರಿಯುವ ಮಳೆ ಸರಾಸರಿ 400 ಮಿಲಿಮೀಟರ್ ಕೂಡ ಮುಟ್ಟುವುದಿಲ್ಲ. ಮಡಿಕೇರಿಯಲ್ಲಿ 3000 ದಾಟುತ್ತದೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕಕ್ಕಡ ತಿಂಗಳಲ್ಲಿ, ಅಂದರೆ ಮಳೆ ಜೋರಾಗಿರುವ ಜುಲೈ-ಆಗಸ್ಟ್ ಹೊತ್ತಿಗೆ, ತೋಟದ ದಾರಿಯಲ್ಲಿ ಮುಂದಿನ ಮಡ್‌ಗಾರ್ಡ್ ಇಲ್ಲದೆ ಒಂದು ಸುತ್ತು ಹೋಗಿ ಬನ್ನಿ. ಕೆಸರು ಮೊದಲು ಮುಖಕ್ಕೆ, ಆಮೇಲೆ ಇಂಜಿನ್ನಿನ ಫಿನ್‌ಗಳ, ಅಂದರೆ ಮೈಮೇಲಿನ ತೆಳು ರೆಕ್ಕೆಗಳ, ಸಂದಿಗೆ. ಅಲ್ಲೇ ಒಣಗಿ ಕೂತರೆ ಗಾಳಿ ಆಡುವುದಿಲ್ಲ, ಗಾಳಿಯಿಂದಲೇ ತಣ್ಣಗಾಗಬೇಕಾದ ಇಂಜಿನ್ ಬಿಸಿಯಾಗುತ್ತದೆ. ಹಿಂದಿನ ಟಯರ್ ಎತ್ತುವ ನೀರು ಸೀಟಿನ ಕೆಳಗೆ ವೈರಿಂಗ್‌ಗೆ, ಏರ್ ಫಿಲ್ಟರ್‌ಗೆ ಹೋಗುತ್ತದೆ. ಸವಾರನ ಬೆನ್ನಿನ ಮೇಲೆ ಕೆಂಪು ಗೆರೆ ಬೀಳುವುದು ಬಿಡಿ, ಅದು ಒಗೆದರೆ ಹೋಗುತ್ತದೆ.

ಇನ್ನು ಹಿಂದೆ ಕೂರುವವರು. ನಮ್ಮ ಪಕ್ಕದ ತೋಟದ ಕೊಡವ ಅಜ್ಜಿಯೊಬ್ಬರು ನನ್ನ ಬೈಕ್ ನೋಡಿ ಮೊದಲು ಕೇಳಿದ್ದೇ ಅದು. "ಎಂತ ಮಾರಾಯ, ಇದರ ಮೇಲೆ ಸೀರೆ ಉಟ್ಟವರು ಕೂರುವುದು ಹೇಗೆ?" ಕೊಡವರ ಸೀರೆಯ ನೆರಿಗೆ ಹಿಂದಕ್ಕೆ ಇರುತ್ತದೆ. ಬದಿಗೆ ಕೂತರೆ ನೆರಿಗೆ ಎಲ್ಲಿಗೆ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಸ್ಯಾರಿ ಗಾರ್ಡ್ ಅನ್ನುವುದನ್ನು ನಮ್ಮ ಹುಡುಗರು ಮುದುಕರ ಬೈಕಿನ ಸಾಮಾನು ಅಂದುಕೊಂಡಿದ್ದಾರೆ. ಕೇಂದ್ರ ಮೋಟಾರು ವಾಹನ ನಿಯಮದ 123ನೇ ನಿಯಮ ಓದಿ. ಹಿಂದೆ ಕೂರುವವರಿಗೆ ಹಿಡಿಕೆ ಬೇಕು, ಕಾಲಿಡಲು ಜಾಗ ಬೇಕು, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್ ಬೇಕು. ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳಬಾರದು ಅಂತ. ಅಷ್ಟು ಸರಳ.

ಕಾನೂನಿನ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ತಾಳೆ ಆಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು ಅಂತ ಸೇರಿಸಿದರು. ಬಣ್ಣ ಬದಲಾಯಿಸಿದರೆ ಆರ್‌ಟಿಒದಲ್ಲಿ ಆರ್‌ಸಿಗೆ ಬರೆಸಬೇಕು. ಇಷ್ಟು ಗೊತ್ತಿಲ್ಲದೆ ಕಟರ್ ಆನ್ ಮಾಡುವುದು ಬೇಡ. ಹದಿನೈದು ವರ್ಷ ದಾಟಿದ ಗಾಡಿಗಾದರೆ ನೋಂದಣಿ ನವೀಕರಣ ಮಾಡಿಸಬೇಕು, ಆಗ ಗಾಡಿಯನ್ನು ಕಣ್ಣಾರೆ ನೋಡಿಯೇ ಸಹಿ ಹಾಕುವುದು. ಹಾಗಾಗಿ ಹಳೇ ಬೈಕ್ ಕೊಳ್ಳುವಾಗ ಇಂಜಿನ್ ಶಬ್ದ ಕೇಳುವ ಮುಂಚೆ ಆರ್‌ಸಿ ಕೇಳಿ. ಚಾಸಿಸ್ ನಂಬರ್ ಉಜ್ಜಿ ನೋಡಿ. ಪೇಪರ್ ಇಲ್ಲದ ಬೈಕ್ ಎಷ್ಟು ಅಗ್ಗವಾದರೂ ಅದು ಗುಜರಿಯೇ.

ಇದಕ್ಕೆ ಕೆಲವರು ಹೇಳುತ್ತಾರೆ, ಹಾಗಾದರೆ ಏನೂ ಮಾಡುವ ಹಾಗೇ ಇಲ್ವಾ? ಇದೆ. ಬೇಕಾದಷ್ಟಿದೆ. ನಾನು ಹಾಕಿಕೊಂಡ ಕಟ್ಟಳೆ ಒಂದೇ. ಬೋಲ್ಟ್‌ನಲ್ಲಿ ಕೂರುವುದನ್ನು ಬದಲಾಯಿಸಬಹುದು, ಫ್ರೇಮ್ ಕತ್ತರಿಸುವುದಿಲ್ಲ. ಇವತ್ತು ಹಾಕಿದ್ದನ್ನು ನಾಳೆ ಬಿಚ್ಚಿ ಕಂಪನಿಯಿಂದ ಬಂದ ಹಾಗೆ ನಿಲ್ಲಿಸಲು ಬರಬೇಕು.

ಫ್ರೇಮ್ ಬಗ್ಗೆ ನನ್ನ ಹಠಕ್ಕೆ ಕಾರಣ ಬರೀ ಕಾನೂನು ಅಲ್ಲ. ಹಳೇ ಬುಲೆಟ್‌ನಲ್ಲಿ ಮುಂದಿನಿಂದ ಇಳಿಯುವ ಪೈಪ್ ಇಂಜಿನ್‌ಗೆ ಬಂದು ನಿಲ್ಲುತ್ತದೆ. ಅಂದರೆ ಇಂಜಿನ್ನೇ ಫ್ರೇಮಿನ ಒಂದು ಭಾಗ, ಭಾರ ಹೊರುತ್ತದೆ. ಅದರಲ್ಲಿ ಬೋರು, ಅಂದರೆ ಸಿಲಿಂಡರಿನ ಅಗಲ, 70 ಮಿಲಿಮೀಟರ್; ಸ್ಟ್ರೋಕು, ಅಂದರೆ ಪಿಸ್ಟನ್ ಓಡುವ ದೂರ, 90 ಮಿಲಿಮೀಟರ್; ಒಂದೇ ಪಿಸ್ಟನ್. ಆ ನಡುಕ ಗೊತ್ತಲ್ಲ, ನಿಂತ ಕಡೆಯೇ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಇಂಥ ಗಾಡಿಯ ಸೀಟ್ ಕೆಳಗಿನ ಪೈಪನ್ನು ಕತ್ತರಿಸಿ, ಕಿಟಕಿ ಗ್ರಿಲ್ ಮಾಡುವ ಅಂಗಡಿಯಲ್ಲಿ ಆರ್ಕ್ ವೆಲ್ಡಿಂಗ್ ಹೊಡೆಸಿದರೆ ಏನಾಗುತ್ತದೆ? ವೆಲ್ಡಿಂಗ್ ಕಿತ್ತು ಬರುವುದಿಲ್ಲ. ಅದರ ಪಕ್ಕದಲ್ಲಿ, ಕಾದು ಗುಣ ಕೆಟ್ಟ ಜಾಗದಲ್ಲಿ ಕೂದಲೆಳೆ ಬಿರುಕು ಶುರುವಾಗುತ್ತದೆ. ಪೇಂಟ್ ಕೆಳಗೆ ಕಾಣುವುದಿಲ್ಲ. ನಮ್ಮ ಕಡೆಯ ಹುಡುಗನೊಬ್ಬನ ಬೈಕಿನಲ್ಲಿ ಹಾಗೇ ಆಯಿತು. ಸೀಟ್ ಒಂದು ಬದಿಗೆ ವಾಲಿದಾಗಲೇ ಗೊತ್ತಾಗಿದ್ದು. ಪುಣ್ಯಕ್ಕೆ ಮನೆಯ ಅಂಗಳದಲ್ಲಿ.

ಚಾಪರ್ ಮಾಡುವವರು ಫೋರ್ಕ್ ಉದ್ದ ಮಾಡಿ ಮುಂದಕ್ಕೆ ಚಾಚುತ್ತಾರೆ. ನೆಟ್ಟಗಿನ ಹೆದ್ದಾರಿಯಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಸಂಪಾಜೆ ಘಾಟಿಯ ತಿರುವಿನಲ್ಲಿ, ಎದುರಿಗೆ ಲಾರಿ ಬಂದಾಗ, ಉದ್ದದ ಬೈಕ್ ತಿರುಗುವುದೇ ಇಲ್ಲ. ಮುಂದಕ್ಕೆ ಬಗ್ಗಿ ಹಿಡಿಯುವ ತಗ್ಗಿನ ಕೆಫೆ ರೇಸರ್ ಹ್ಯಾಂಡಲ್ ಹಾಕಿದವರಿಗೂ ಅದೇ ಘಾಟಿ ಇಳಿಯುವಾಗ ಮೈಭಾರ ಪೂರ್ತಿ ಮುಂಗೈ ಮೇಲೆ. ಸುಳ್ಯ ಮುಟ್ಟುವ ಹೊತ್ತಿಗೆ ಬೆರಳು ಮರಗಟ್ಟಿರುತ್ತದೆ. ಆ ಹ್ಯಾಂಡಲ್ ಲಂಡನ್ನಿನ ರಿಂಗ್ ರೋಡಿಗೆ ಹುಟ್ಟಿದ್ದು, ಅಲ್ಲಿಗೆ ಸರಿ.

ಹಾಗಾದರೆ ಕೊಡಗಿನ ಬೈಕ್ ಹೇಗಿರಬೇಕು? ನಾನು ಏನು ಮಾಡಿದೆ ಅಂತ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಮೊದಲು ಬ್ರೇಕ್. ಎಲ್ಲರೂ ಕಾರ್ಬೊರೇಟರ್‌ಗೆ, ಸೈಲೆನ್ಸರ್‌ಗೆ ಖರ್ಚು ಮಾಡುತ್ತಾರೆ, ಡ್ರಮ್ ಬಿಚ್ಚಿ ನೋಡುವುದಿಲ್ಲ. ಡ್ರಮ್ ಲೇತ್‌ಗೆ ಕೊಟ್ಟು ಸಮ ಮಾಡಿಸಿ, ಡ್ರಮ್‌ಗೆ ಉಜ್ಜುವ ಲೈನರ್ ಹೊಸದು ಹಾಕಿ, ಕೇಬಲ್ ಬದಲಾಯಿಸಿದರೇ ಅರ್ಧ ಕೆಲಸ ಆಯಿತು. ಕೆಲವು ಬುಲೆಟ್‌ಗಳಲ್ಲಿ ಎರಡು ಕ್ಯಾಮ್ (ಬ್ರೇಕ್ ಶೂಗಳನ್ನು ಡ್ರಮ್‌ಗೆ ಒತ್ತುವ ತುಂಡು) ಇರುವ ಮುಂದಿನ ಬ್ರೇಕ್ ಪ್ಲೇಟ್ ಬರುತ್ತಿತ್ತು. ಅದು ಮುಂದಕ್ಕೆ ಹೋಗುವಾಗ ಚೆನ್ನಾಗಿ ಕಚ್ಚುತ್ತದೆ. ಆದರೆ ಏರಿನಲ್ಲಿ ನಿಲ್ಲಿಸಿ ಗಾಡಿ ಹಿಂದಕ್ಕೆ ಜಾರುವಾಗ ಅಷ್ಟು ಹಿಡಿಯುವುದಿಲ್ಲ, ಅದು ಆ ವಿನ್ಯಾಸದ ಗುಣ. ಹಿಂದಿನ ಬ್ರೇಕ್ ಕಾಲಲ್ಲಿ ತುಳಿದೇ ಇರಬೇಕು. ಹಳೇ ಬುಲೆಟ್‌ನಲ್ಲಿ ಅದು ಎಡಗಾಲಿಗೆ, ಗೇರ್ ಬಲಗಾಲಿಗೆ. ಹೊಸ ಬೈಕ್ ಓಡಿಸಿ ಅಭ್ಯಾಸ ಇರುವ ಗೆಳೆಯರಿಗೆ ಕೀ ಕೊಡುವ ಮುಂಚೆ ಯೋಚಿಸಿ. ನಾನಂತೂ ಕೊಡುವುದಿಲ್ಲ, ಬೇಜಾರು ಮಾಡಿಕೊಂಡವರು ಮಾಡಿಕೊಳ್ಳಲಿ.

ಆಮೇಲೆ ವೈರಿಂಗ್. ಶೆಡ್‌ನಲ್ಲಿ ಬಿದ್ದಿದ್ದ ಬೈಕಿನ ವೈರನ್ನು ಇಲಿ ಬಿಟ್ಟಿರುತ್ತದಾ? ಹಳೇ ವೈರಿಗೆ ಟೇಪ್ ಸುತ್ತಿ ಬದುಕಿಸುವ ಬದಲು ಪೂರ್ತಿ ಹೊಸದಾಗಿ ಎಳೆಯುವುದು ವಾಸಿ. ಪ್ರತಿ ಸರ್ಕ್ಯೂಟ್‌ಗೆ ಬೇರೆ ಫ್ಯೂಸ್, ಕನೆಕ್ಟರ್‌ಗಳು ನೀರು ಹೋಗದಂಥವು, ಅರ್ಥ್ ವೈರ್ ಪೇಂಟ್ ಕೆರೆದು ಬರೀ ಲೋಹದ ಮೇಲೆ. ಮಳೆಯಲ್ಲಿ ಕೈಕೊಡುವ ಹಳೇ ಬೈಕುಗಳಲ್ಲಿ ಬಹುಪಾಲು ಕೈಕೊಡುವುದು ಅರ್ಥ್‌ನಲ್ಲೇ. ಲೈಟ್ ವಿಷಯದಲ್ಲೂ ಹುಚ್ಚು ಬೇಡ. ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಮಂಜಿನಲ್ಲಿ ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಮಡಿಕೇರಿಯ ಮಂಜಿಗೆ ಬೇಕಾಗಿರುವುದು ಡಿಪ್ ಮತ್ತು ತಗ್ಗಿನಲ್ಲಿ, ಅಗಲಕ್ಕೆ ಬೀಳುವ ಬೆಳಕು.

ಇಂಜಿನ್ ಬಗ್ಗೆ ಬರೆದರೆ ಬೇರೆ ಪೋಸ್ಟ್ ಆಗುತ್ತದೆ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಪ್ಲಗ್‌ಗೆ ಕಿಡಿ ಕೊಡಿಸುವ ಪಾಯಿಂಟ್‌ನ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಟ್ಯಾಪೆಟ್, ಅಂದರೆ ವಾಲ್ವ್‌ನ ಸಡಿಲ, ಇಂಜಿನ್ ತಣ್ಣಗಿರುವಾಗಲೇ ನೋಡಬೇಕು: ವಾಲ್ವ್ ತೆರೆಯಲು ತಳ್ಳುವ ಕಡ್ಡಿ, ಪುಶ್‌ರಾಡ್, ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಪ್ಲಗ್ ಬಿಚ್ಚಿ ನೋಡಿದರೆ ಕಾಫಿಗೆ ಹಾಲು ಬೆರೆಸಿದ ಬಣ್ಣ ಇರಬೇಕು. ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ. ಏರಿಗೆ ಎಳೆಯಲಿ ಅಂತ ಗೇರ್‌ಬಾಕ್ಸ್ ಕಡೆಯ ಸ್ಪ್ರಾಕೆಟ್‌ನಲ್ಲಿ (ಚೈನ್ ಕೂರುವ ಹಲ್ಲಿನ ಚಕ್ರ) ಒಂದು ಹಲ್ಲು ಕಮ್ಮಿ ಮಾಡಿದೆ. ಹೇಳುವಷ್ಟು ಸುಲಭ ಅಲ್ಲ. ಅದು ಕ್ಲಚ್ ಹಿಂದೆ ಅಡಗಿ ಕೂತಿರುತ್ತದೆ, ಪ್ರೈಮರಿ ಚೈನ್ ಕವರ್ ತೆಗೆದು ಕ್ಲಚ್ ಪೂರ್ತಿ ಬಿಚ್ಚಲೇಬೇಕು. ಟಾಪ್ ಸ್ಪೀಡ್ ಇಳಿಯಿತು. ನಮ್ಮ ರಸ್ತೆಯಲ್ಲಿ ಟಾಪ್ ಸ್ಪೀಡ್ ಇಟ್ಟುಕೊಂಡು ಯಾವ ಉಪ್ಪಿನಕಾಯಿ ಹಾಕುವುದು?

ಟ್ಯಾಂಕ್ ಒಳಗೆ ತುಕ್ಕು ಕಟ್ಟಿತ್ತು. ಹಳೇ ನಟ್ಟು ಬೋಲ್ಟು ಹಾಕಿ ಕುಲುಕಿ, ಆಮೇಲೆ ತುಕ್ಕು ತೆಗೆಯುವ ಆಸಿಡ್ ಹಾಕಿ ತೊಳೆದೆ. ಒಬ್ಬರು ನಮ್ಮ ಅಡುಗೆಯ ಕಪ್ಪು ಹುಳಿ, ಕಾಚಂಪುಳಿ, ಸುರಿದು ನೋಡು ಅಂದರು. ಅದು ಪಂದಿಕರಿಗೇ ಇರಲಿ ಅಂದೆ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ಪೆಟ್ರೋಲ್ ಟ್ಯಾಂಕ್ ತೂತಾಗಿದ್ದರೆ ಮನೆಯಲ್ಲಿ ವೆಲ್ಡಿಂಗ್ ಮಾಡಲು ಹೋಗಬೇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿರುವ ಆವಿಯೇ ಸಿಡಿಯುವುದು. ಆ ಕೆಲಸ ಗೊತ್ತಿರುವವರಿಗೆ ಕೊಡಿ. ಈಗ ಬಂಕ್‌ನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮಲ್ಲಿ ತೇವಕ್ಕೇನು ಬರವೇ. ಹಳೇ ರಬ್ಬರ್ ಪೈಪ್‌ಗಳಿಗೂ ಅದು ಆಗಿಬರುವುದಿಲ್ಲ, ಅವನ್ನೆಲ್ಲ ಬದಲಾಯಿಸಿದೆ. ಮಳೆಗಾಲದಲ್ಲಿ ಗಾಡಿ ಸುಮ್ನೆ ನಿಲ್ಲುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿಟ್ಟುಬಿಡಿ.

ಪೇಂಟ್‌ಗೆ ಮುಹೂರ್ತ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆ ತಲೆ ಹಾಕಬೇಡಿ. ತೇವಕ್ಕೆ ಪೇಂಟ್ ಮೇಲೆ ಬಿಳಿ ಮಬ್ಬು ಕೂರುತ್ತದೆ, ಉಜ್ಜಿದ ಕಬ್ಬಿಣ ಪ್ರೈಮರ್ ಕಾಣುವ ಮುಂಚೆಯೇ ಕೆಂಪಾಗುತ್ತದೆ. ಕರೆಂಟ್ ಬೇರೆ ಇರುವುದಿಲ್ಲ. ಡಿಸೆಂಬರ್ ಆದ ಮೇಲೆ ಬಿಸಿಲು ಇದೆ, ಆದರೆ ಕಣದಲ್ಲಿ ಕಾಫಿ ಹರಡಿರುತ್ತದೆ, ಅಲ್ಲಿ ಪೇಂಟ್ ಸ್ಪ್ರೇ ಮಾಡಿದರೆ ಅಪ್ಪ ನನ್ನನ್ನೇ ಹರಡುತ್ತಾರೆ. ಕೊಯ್ಲು ಮುಗಿದು, ಕಾಫಿ ಗಿಡಕ್ಕೆ ಹೂ ಬಿಡಿಸುವ ಹೂ ಮಳೆ ಬರುವ ಮುಂಚೆ ಸಿಗುವ ಸಮಯವೇ ನಮ್ಮದು.

ಮಡ್‌ಗಾರ್ಡ್ ಎರಡೂ ಇವೆ. ಮುಂದಿನದನ್ನು ಸ್ವಲ್ಪ ಎತ್ತರಕ್ಕೆ ಏರಿಸಿದೆ, ಟಯರ್‌ಗೂ ಅದಕ್ಕೂ ನಡುವೆ ಕೆಸರು ಕಚ್ಚಿ ನಿಲ್ಲಬಾರದು ಅಂತ. ಕೆಳತುದಿಗೆ ಹಳೇ ಟ್ಯೂಬಿನ ರಬ್ಬರ್ ಪಟ್ಟಿ. ಚೆಂದ ಇಲ್ಲ ಅಂದವರಿದ್ದಾರೆ. ಅವರೆಲ್ಲ ಬೇಸಿಗೆಯಲ್ಲಿ ಬಂದು ನೋಡಿದವರು.

ಸೈಲೆನ್ಸರ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಕೆಲವು ಗೆಳೆಯರು ಅನ್‌ಫ್ರೆಂಡ್ ಮಾಡುತ್ತಾರೆ, ಇರಲಿ. ಶನಿವಾರ ಬಂತೆಂದರೆ ಕುಶಾಲನಗರದಿಂದ ಮೇಲಕ್ಕೆ ಹೊರಗಿನ ಬೈಕುಗಳ ಗುಂಪು ಸಿಡಿಸುತ್ತಾ ಬರುತ್ತದೆ. ಅದನ್ನು ಬೈಯುವ ನಾವೇ ನಮ್ಮ ಹುಡುಗನ ಬೈಕಿಗೆ ಒಳಗಿನ ತಗಡು ಕಿತ್ತ ಪೈಪ್ ಹಾಕಿಸಿಕೊಡುತ್ತೇವೆ. ಸಿದ್ದಾಪುರ, ಮಾಲ್ದಾರೆ ಕಡೆ ಸಂಜೆ ದಾರಿಯಲ್ಲಿ ಆನೆ ನಿಂತಿರುವುದು ಹೊಸ ವಿಷಯವೇನಲ್ಲ. ಬಿದಿರು ಮುರಿಯುವ ಸದ್ದು ಕಿವಿಗೆ ಬೀಳಬೇಕಾದ ಜಾಗದಲ್ಲಿ ನಿಮ್ಮ ಪೈಪ್‌ನದ್ದೇ ಆರ್ಭಟ ಆದರೆ ಏನು ಗತಿ? ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ವಿಡಿಯೊ ಬಂದಾಗಲೆಲ್ಲ ನಾನು ಲೈಕ್ ಒತ್ತಿದ್ದೇನೆ. ಒಪ್ಪಿಕೊಳ್ಳಲು ಏನೂ ನಾಚಿಕೆ ಇಲ್ಲ.

ಸಾಮಾನು ಎಲ್ಲಿ ಸಿಗುತ್ತದೆ ಅಂತ ಇನ್‌ಬಾಕ್ಸ್‌ನಲ್ಲಿ ಕೇಳುವವರಿಗೆ: ಮೈಸೂರು. ಯಾದವಗಿರಿಯಲ್ಲಿ ಯೆಜ್ಡಿ ಬೈಕ್ ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ಊರಿನ ಕೈಗಳು ಹಳೇ ಬೈಕನ್ನು ಮರೆತಿಲ್ಲ. ಯೆಜ್ಡಿ ಕಟ್ಟುವವರಿಗಂತೂ ಅದೇ ಮೊದಲ ನಿಲ್ದಾಣ. ಬುಲೆಟ್ ಸಾಮಾನೂ ಸಿಗುತ್ತದೆ. ಲೇತ್ ಕೆಲಸ ಕುಶಾಲನಗರದಲ್ಲೇ ಮಾಡಿಸಿದೆ. ಅಳತೆಯನ್ನು ಬಾಯಲ್ಲಿ ಹೇಳಬೇಡಿ, ಹಳೇ ಪಾರ್ಟನ್ನೇ ತೆಗೆದುಕೊಂಡು ಹೋಗಿ.

ಈಗ ಮನೆಯಲ್ಲಿ ನಡೆಯುತ್ತಿರುವ ಜಗಳ ಕ್ಯಾರಿಯರ್‌ದು. ಹಿಂದೆ ಒಂದು ಗಟ್ಟಿ ಕ್ಯಾರಿಯರ್ ಹಾಕು, ಸಂತೆಯಿಂದ ಸಾಮಾನು ತರಬಹುದು ಅಂತ ಅಪ್ಪ. ಇಷ್ಟೆಲ್ಲ ಮಾಡಿ ಅದನ್ನು ಹಾಕಿದರೆ ಹಾಲಿನವನ ಗಾಡಿ ಆಗುತ್ತದೆ ಅಂತ ತಮ್ಮ. ಬೋಲ್ಟ್‌ನಲ್ಲಿ ಕೂರುವಂಥದ್ದು ಅಂದ ಮೇಲೆ ನನ್ನ ಕಟ್ಟಳೆಯ ಪ್ರಕಾರ ಅಪ್ಪನೇ ಗೆಲ್ಲುವುದು. ಆಯುಧಪೂಜೆ ಒಳಗೆ ಹಾಕಿಬಿಡುತ್ತೇನೆ.

ಹಾಂ, ನನ್ನದರಲ್ಲಿ ಇನ್ನೂ ಒಂದೇ ಕ್ಯಾಮ್‌ನ ಬ್ರೇಕ್ ಪ್ಲೇಟ್ ಇರುವುದು. ಎರಡು ಕ್ಯಾಮ್‌ದು, ಏಳು ಇಂಚಿನ ಡ್ರಮ್‌ಗೆ ಕೂರುವಂಥದ್ದು, ಬಿರುಕು ಬಿಡದೇ ಇರುವುದು ಯಾರ ಶೆಡ್‌ನಲ್ಲಾದರೂ ಬಿದ್ದಿದ್ದರೆ ಹೇಳಿ. ಸೋಮವಾರಪೇಟೆಯಿಂದ ವಿರಾಜಪೇಟೆ ತನಕ ಎಲ್ಲಿದ್ದರೂ ಬಂದು ತೆಗೆದುಕೊಂಡು ಹೋಗುತ್ತೇನೆ. ರೇಟು ಮಾತ್ರ ಕಾಫಿ ರೇಟು ನೋಡಿ ಹೇಳಬೇಡಿ.