ಸ್ಟಾರ್ ನೋಡಿ ವೈನ್ ಆರಿಸಿದರೆ ಸಾಲದು

‘ಆ್ಯಪ್‌ನಲ್ಲಿ ನಾಲ್ಕು ಸ್ಟಾರ್ ದಾಟಿದ ಬಾಟಲಿ ತಗೊಳ್ಳಿ, ಸಾಕು’ ಎಂದು ವೈನ್ ಆ್ಯಪ್‌ಗಳನ್ನು ಹೋಲಿಸುವ ಲೇಖನದಲ್ಲಿ ನೀವು ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸ್ಟಾರ್ ಅಂದರೆ ಸಾವಿರಾರು ಜನರ ರುಚಿಯ ಸರಾಸರಿ, ಅಷ್ಟೆ. ಹಣ್ಣಿನ ರುಚಿ ತುಂಬಿದ ಮೆತ್ತನೆಯ ಕೆಂಪು ವೈನ್ ಮೊದಲ ಗುಟುಕಿಗೇ ಎಲ್ಲರಿಗೂ ಹಿಡಿಸುತ್ತದೆ. ಸ್ಪೇನಿನ ಫಿನೋ ಶೆರ್ರಿ ವೈನ್ ಹಾಗಲ್ಲ. ಅಷ್ಟು ಡ್ರೈ, ಅಂದರೆ ಸಿಹಿಯೇ ಇಲ್ಲದ ರುಚಿ ಗೊತ್ತಿಲ್ಲದವರು ಸುಮ್ನೆ ಎರಡು ಸ್ಟಾರ್ ಒತ್ತಿ ಹೋಗುತ್ತಾರೆ. ಅದು ವೈನಿನ ದೋಷ ಅಲ್ಲ ಅಲ್ವಾ?

ಇನ್ನೊಂದು ಮುಖ್ಯ ವಿಷಯ ಬಿಟ್ಟುಹೋಗಿದೆ: ದ್ರಾಕ್ಷಿ ಕೊಯ್ದ ವರ್ಷ. 2003ರಲ್ಲಿ ಯುರೋಪಿನಲ್ಲಿ ವಿಪರೀತ ಬಿಸಿಲು. ಫ್ರಾನ್ಸಿನ ಬರ್ಗಂಡಿ ಪ್ರದೇಶದ ಆ ವರ್ಷದ ವೈನ್‌ನಲ್ಲಿ ಹುಳಿ ಕಡಿಮೆ, ಹಣ್ಣಿನ ರುಚಿ ಜಾಸ್ತಿ. 2004ರದ್ದು ಅದೇ ತೋಟದ್ದಾದರೂ ಬೇರೆಯೇ ವೈನ್. ಲೇಬಲ್ ಸ್ಕ್ಯಾನ್ ಮಾಡಿದಾಗ ಆ್ಯಪ್ ಸರಿಯಾದ ವರ್ಷ ಹಿಡಿಯಿತೇ, ಎಲ್ಲ ವರ್ಷಗಳನ್ನೂ ಸೇರಿಸಿ ಒಂದೇ ಅಂಕ ತೋರಿಸುತ್ತಿದೆಯೇ ಎಂದು ನೋಡಲೇಬೇಕು. (ಬಹುತೇಕ ಶಾಂಪೇನ್‌ಗಳ ಮೇಲೆ ವರ್ಷವೇ ಇರುವುದಿಲ್ಲ, ಅಲ್ಲಿ ಈ ತಲೆನೋವಿಲ್ಲ.)

ವಿವಿನೋ ಎಂಬ ಆ್ಯಪ್‌ನಲ್ಲಿ ಸ್ಕ್ಯಾನ್ ಸುಲಭ, ಹೊಸಬರಿಗೆ ಒಳ್ಳೆಯದು. ಆದರೆ ಅದು ವೈನ್ ಮಾರುವ ವೇದಿಕೆಯೂ ಹೌದು, ಅದರ ಶಿಫಾರಸನ್ನು ಅಷ್ಟು ಎಚ್ಚರದಿಂದಲೇ ಓದಬೇಕು. ನನಗೆ ಸೆಲ್ಲರ್‌ಟ್ರ್ಯಾಕರ್ ಎಂಬ ಇನ್ನೊಂದು ಆ್ಯಪ್ ಜಾಸ್ತಿ ಇಷ್ಟ. ನೋಡಲು ಹಳೆಯ ಕಾಲದ್ದೆನಿಸಿದರೂ ಅಲ್ಲಿನ ಜನ ಟ್ಯಾನಿನ್ (ನಾಲಿಗೆಗೆ ಒಗರು ಕೊಡುವ ಅಂಶ) ಹೇಗಿದೆ, ಹುಳಿ ಎಷ್ಟಿದೆ, ಈಗಲೇ ಕುಡಿಯಬಹುದೇ ಎಂದು ವರ್ಷವಾರು ಬರೆಯುತ್ತಾರೆ. ಅಂಥ ನಾಲ್ಕು ಸಾಲು ಓದಿದರೆ ಆ ಬಾಟಲಿ ನನಗೆ ಹೊಂದುತ್ತದೋ ಇಲ್ಲವೋ ತಿಳಿಯುತ್ತದೆ. ಲೇಖನದ ಹೋಲಿಕೆಯಲ್ಲಿ ಈ ಟಿಪ್ಪಣಿಗಳ ಗುಣಮಟ್ಟಕ್ಕೂ ಒಂದು ಜಾಗ ಕೊಡಿ.