ಬ್ಲ್ಯಾಕ್‌ಮೇಲ್‌ಗೂ ಅಂಚೆಗೂ ಸಂಬಂಧ ಕಟ್ಟಬೇಡಿ

ಈಗಷ್ಟೇ ಇಂಗ್ಲಿಷ್ ಕಲಿಸುವ ವಿಡಿಯೊ ಒಂದನ್ನು ನೋಡಿ ಮೈ ಉರಿಯಿತು. 'ಬ್ಲ್ಯಾಕ್ ಅಂದ್ರೆ ಕಪ್ಪು, ಮೇಲ್ ಅಂದ್ರೆ ಅಂಚೆ. ಹಿಂದೆ ಬೆದರಿಕೆ ಪತ್ರ ಕಪ್ಪು ಲಕೋಟೆಯಲ್ಲಿ ಬರುತ್ತಿತ್ತು' ಅಂತೆ. ಕೆಳಗೆ ನೂರಾರು 'ಸೂಪರ್ ಸರ್'. ಇದು ಅಪ್ಪಟ ಸುಳ್ಳು.

ಈ 'ಮೇಲ್' ಸ್ಕಾಟ್ಲೆಂಡಿನ ಮಾತು. ಬಾಡಿಗೆ, ಗೇಣಿ, ಕಂದಾಯ ಅಂತ ಅರ್ಥ. ಮನೆ ಬಾಡಿಗೆ ಹೌಸ್‌ಮೇಲ್, ಹುಲ್ಲುಗಾವಲಿನ ಬಾಡಿಗೆ ಗ್ರಾಸ್‌ಮೇಲ್. ಬ್ಲ್ಯಾಕ್‌ಮೇಲ್ ಇದೇ ಮನೆತನದ್ದು. ಅಂಚೆಯ ಮೇಲ್ ಬಂದದ್ದು ಚೀಲ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ. ಸೈನಿಕರು ತೊಡುತ್ತಿದ್ದ ಕಬ್ಬಿಣದ ಬಳೆಗಳ ಕವಚವೂ ಮೇಲ್, ಅದರ ಮೂಲ ಮತ್ತೂ ಬೇರೆ.

ಜಾಗ ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿ, ಕಾಲ 16ನೇ ಶತಮಾನ. ಆರ್ಮ್‌ಸ್ಟ್ರಾಂಗ್, ಎಲಿಯಟ್, ಗ್ರಹಾಂ ಮುಂತಾದ ಮನೆತನಗಳ ರೀವರ್‌ಗಳು, ಅಂದರೆ ಗಡಿಯ ದರೋಡೆಕೋರರು, ರಾತ್ರಿ ಕುದುರೆಯೇರಿ ಬಂದು ದನ ಹೊಡೆದುಕೊಂಡು ಹೋಗುತ್ತಿದ್ದರು. ರೈತ ಜಮೀನುದಾರನಿಗೆ ಗೇಣಿ ಕೊಟ್ಟಾದ ಮೇಲೆ ಇವರಿಗೂ ದುಡ್ಡೋ ಕಾಳೋ ದನವೋ ಕೊಡಬೇಕಿತ್ತು. ಕೊಟ್ಟರೆ ಅವರು ಮುಟ್ಟುವುದಿಲ್ಲ, ಬೇರೆ ಕಳ್ಳರಿಂದ ಕಾಯುವ ಹೊಣೆಯೂ ಅವರದೇ. ಕೊಡದಿದ್ದರೆ ಕೊಟ್ಟಿಗೆ ಖಾಲಿ, ಮನೆಗೆ ಬೆಂಕಿ. ಈ ವಸೂಲಿಯೇ ಬ್ಲ್ಯಾಕ್‌ಮೇಲ್. ನಮ್ಮಲ್ಲಿ ಹಫ್ತಾ ಅನ್ನುತ್ತೇವಲ್ಲ, ಅದೇ. ಬೆಳ್ಳಿ ನಾಣ್ಯದಲ್ಲಿ ಕೊಡುವ ನ್ಯಾಯದ ಗೇಣಿ 'ಬಿಳಿ', ದನ ಕಾಳುಗಳದ್ದು 'ಕಪ್ಪು' ಅಂತ ಕೆಲವರ ವಾದ. ಕಪ್ಪು ಅಂದರೆ ಕೆಟ್ಟದ್ದು, ಅಷ್ಟೇ ಅಂತ ಇನ್ನು ಕೆಲವರು. ಲಕೋಟೆಯ ಮಾತು ಯಾರೂ ಎತ್ತಿಲ್ಲ.

1601ರಲ್ಲಿ ಎಲಿಜಬೆತ್ ರಾಣಿಯ ಕಾಲದ ಕಾನೂನು ಇಂಗ್ಲೆಂಡಿನ ಉತ್ತರದ ನಾಲ್ಕು ಪ್ರಾಂತಗಳಲ್ಲಿ ಬ್ಲ್ಯಾಕ್‌ಮೇಲ್ ವಸೂಲಿಗೆ ಮರಣದಂಡನೆ ಇಟ್ಟಿತು. ಕೊಟ್ಟವನಿಗೂ ಅದೇ ಶಿಕ್ಷೆ! ಸುಲಿಗೆಗೆ ಸಿಕ್ಕ ಬಡರೈತನಿಗೂ ಗಲ್ಲು. ಇಷ್ಟು ನೋವಿನ ಚರಿತ್ರೆ ಇರುವ ಪದಕ್ಕೆ ಲಕೋಟೆಯ ಕಟ್ಟುಕತೆ ಅಂಟಿಸುತ್ತಾರಲ್ಲ, ಅದೇ ನನ್ನ ಸಿಟ್ಟು. 'ಗುಟ್ಟು ಬಯಲು ಮಾಡ್ತೀನಿ, ದುಡ್ಡು ಕೊಡು' ಎಂಬ ಈಗಿನ ಅರ್ಥ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ.

'ಈಗಿನ ಅರ್ಥ ಗೊತ್ತಿದ್ದರೆ ಸಾಕು, ಮೂಲ ಯಾಕೆ?' ಅನ್ನುವವರಿದ್ದಾರೆ. ಬೇಡವಾದರೆ ಹೇಳಲೇಬೇಡಿ. ಹೇಳಹೊರಟರೆ ಪದವನ್ನು ಎರಡು ತುಂಡು ಮಾಡಿ ಇವತ್ತಿನ ಅರ್ಥ ಹಚ್ಚಬೇಡಿ. ಇಸವಿ ಕೊಡುವ ದೊಡ್ಡ ನಿಘಂಟು ತೆಗೆಯಿರಿ. ಇಡೀ ಪದ ಮೊದಲು ಸಿಗುವ ವರ್ಷ ಬರೆದುಕೊಳ್ಳಿ. ಆಮೇಲೆ ಪ್ರತಿ ತುಂಡಿಗೂ ನೀವು ಹಚ್ಚುವ ಅರ್ಥ ಆ ಹೊತ್ತಿಗೆ ಇತ್ತೇ ನೋಡಿ. ಬ್ಲ್ಯಾಕ್‌ಮೇಲ್ 16ನೇ ಶತಮಾನದ್ದು. ಮೇಲ್ ಎಂಬುದಕ್ಕೆ ಪತ್ರಗಳ ಚೀಲ ಎಂಬ ಅರ್ಥ ಬಂದದ್ದೇ 17ನೇ ಶತಮಾನದಲ್ಲಿ. ಲಕೋಟೆ ಕತೆ ಇಲ್ಲೇ ಬಿದ್ದುಹೋಯಿತು.

ಅದೇ ಚಾನೆಲ್‌ನಲ್ಲಿ ಮುಂದಿನ ಪಾಠ ಗ್ರೇಹೌಂಡ್ ಎಂಬ ನಾಯಿಯ ಹೆಸರಂತೆ. ಆ ಗ್ರೇ ಬೂದುಬಣ್ಣವಲ್ಲ. ದಯವಿಟ್ಟು ಮೊದಲು ನಿಘಂಟು ನೋಡಿಕೊಳ್ಳಿ ಸರ್.