ಜಿ ಬೇಕಾ, ಜಿ ಇಲ್ದೇ ಇರೋದಾ?

2023ರ ಮಾತು. ನಮ್ಮನೆ ಹಳೇ ಕಂಪ್ಯೂಟರ್ ಆನ್ ಮಾಡಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದ್ರೂ ಇನ್ನೂ ಚಕ್ರ ತಿರುಗಿಸ್ತಾ ಕೂತಿರ್ತಿತ್ತು. ಹೊಸದು ತಗೊಳ್ಳೋಣ ಅಂದಿದ್ದಕ್ಕೆ ನಮ್ಮನೆಯವಳು ಲೆಕ್ಕದ ಡೈರಿ ತೆಗೆದು "ಕಂಪ್ಯೂಟರ್ 45,000" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದ್ಲು. ಒಂದು ಗೆರೆ ಆಗಿದ್ರೆ ಮಾತಾಡ್ಬೋದು, ಎರಡು ಗೆರೆ ಅಂದ್ರೆ ಮುಗೀತು.

ರೆಡಿಮೇಡ್ ತಂದಿದ್ರೆ ಅವತ್ತೇ ಕೆಲಸ ಆಗೋಗ್ತಿತ್ತು. ನಾನು ಬಿಡಿ ಸಾಮಾನು ತಂದು ನಾನೇ ಜೋಡಿಸ್ತೀನಿ ಅಂದೆ. ಅದಕ್ಕೆ ಅಮ್ಮ ಆಷಾಢದಲ್ಲಿ ಹೊಸ ಸಾಮಾನು ಮನೆಗೆ ಬೇಡ ಅಂದ್ರು, ಸರಿ ಆಷಾಢ ಮುಗೀಲಿ ಅಂತ ಕಾದ್ರೆ ಆ ವರ್ಷ ಅಧಿಕ ಶ್ರಾವಣ ಬೇರೆ ಬಂತು, ಅದ್ರಲ್ಲೂ ಬೇಡ ಅಂದ್ರು. ಹಿಂಗೆ ಪಂಚಾಂಗದ ಕೃಪೆಯಿಂದ ನಂಗೆ ಎರಡು ತಿಂಗಳು ರಾತ್ರಿ ಹನ್ನೆರಡರ ತನಕ ವಿಡಿಯೋ ನೋಡೋಕೆ ಟೈಮ್ ಸಿಕ್ತು. ಏನೂ ಗೊತ್ತಿಲ್ದೇ ಇದ್ದಿದ್ರೆ ಅಂಗಡಿಯವ್ನ ಮಾತು ಕೇಳ್ತಿದ್ದೆ, ಪೂರ್ತಿ ಗೊತ್ತಿದ್ದಿದ್ರೆ ಸರಿಯಾಗಿ ತರ್ತಿದ್ದೆ, ಈ ಎರಡು ತಿಂಗಳಲ್ಲಿ ನಾನು ಕರೆಕ್ಟಾಗಿ ಇವೆರಡರ ಮಧ್ಯಕ್ಕೆ ಬಂದು ನಿಂತಿದ್ದೆ.

ಪ್ರೊಸೆಸರ್ ರೈಜನ್ 5 5600 ಅಂತ ಫಿಕ್ಸ್ ಆಯ್ತು. ಅದ್ರಲ್ಲೇ 5600ಜಿ ಅಂತ ಇನ್ನೊಂದಿದೆ, ಅವಾಗ ಒಂದು ಸಾವಿರ ಕಮ್ಮಿ ಇತ್ತು. ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಆದ್ರೆ ಜಿ ಇಲ್ದೇ ಇರೋದ್ರಲ್ಲಿ ಕ್ಯಾಶ್, ಅಂದ್ರೆ ಪ್ರೊಸೆಸರ್ ಒಳಗೇ ಇರೋ ಪುಟ್ಟ ಫಾಸ್ಟ್ ಮೆಮೊರಿ, 32 ಎಂಬಿ, ಜಿ ಇರೋದ್ರಲ್ಲಿ 16. ಜೇಬಲ್ಲಂತೂ ಕ್ಯಾಶ್ ಕಮ್ಮಿ, ಪ್ರೊಸೆಸರಲ್ಲಾದ್ರೂ ಇರ್ಲಿ ಅಂತ ಜಿ ಇಲ್ದೇ ಇರೋದೇ ಆರಿಸ್ದೆ. ರಾಮ್ 16 ಜಿಬಿ, ಅದೂ ಒಂದೇ ಪಟ್ಟಿ ತಗೋಬಾರ್ದು, ಎಂಟೆಂಟರ ಎರಡು ಪಟ್ಟಿ ತಗೊಂಡು ಎರಡನೇದು ಮತ್ತೆ ನಾಲ್ಕನೇ ಸ್ಲಾಟಿಗೆ ಹಾಕಿದ್ರೆ ಡ್ಯುಯಲ್ ಚಾನೆಲ್ ಆಗಿ ಸ್ಪೀಡ್ ಜಾಸ್ತಿ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದೆ. (ಅವಾಗ ಎರಡೂ ಸೇರಿ 3,600 ರೂಪಾಯಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ನೋರು ಮೆಮೊರಿ ಚಿಪ್ ಎಲ್ಲ ಬಾಚ್ಕೊಂಡು ಹೋಗ್ತಿರೋದ್ರಿಂದ ರಾಮ್ ರೇಟ್ ಹೆಂಗೆ ಏರಿದೆ ಅಂದ್ರೆ, ನಾನು ಜೀವಮಾನದಲ್ಲಿ ಮಾಡಿರೋ ಒಂದೇ ಒಳ್ಳೆ ಇನ್ವೆಸ್ಟ್‌ಮೆಂಟ್ ಅದು.)

ಗ್ರಾಫಿಕ್ಸ್ ಕಾರ್ಡ್ ಮಾತ್ರ ದೀಪಾವಳಿಗೆ ನೋಡ್ಕೊಳ್ಳೋಣ ಅಂತ ಬಿಟ್ಟೆ. ಅದು ಗೇಮ್ ಆಡೋರಿಗೆ ತಾನೇ, ಏನರ್ಜೆಂಟು? ಪ್ರೊಸೆಸರ್ 12,800, ಬಿ450 ಮದರ್‌ಬೋರ್ಡ್ 6,700, ರಾಮ್ 3,600, ಫೈಲ್ ಇಡೋಕೆ 500 ಜಿಬಿ ಎನ್‌ವಿಎಂಇ ಡ್ರೈವ್ 3,200, ಕರೆಂಟ್ ಕೊಡೋ 550 ವ್ಯಾಟ್ ಎಸ್‌ಎಂಪಿಎಸ್ 4,300, ಕ್ಯಾಬಿನೆಟ್ 3,900, ಆನ್‌ಲೈನಲ್ಲಿ ತರ್ಸಿದ ಮಾನಿಟರ್ 8,500, ಕೀಬೋರ್ಡ್ ಮೌಸ್ ಒಂದು ಸಾವಿರ. ಒಟ್ಟು 44,000. ಎರಡು ಗೆರೆ ಒಳಗೆ ಒಂದು ಸಾವಿರ ಮಿಗಿಸಿದ್ದೆ! ಆ ಸಾವಿರದಲ್ಲಿ ಎಲ್ರಿಗೂ ಮಸಾಲೆ ದೋಸೆ ಅಂತ ಘೋಷಣೆನೂ ಮಾಡ್ಬಿಟ್ಟೆ.

ತುಮಕೂರಿಂದ ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಹೋದೆ. ಎಸ್.ಪಿ. ರೋಡಿಗೆ ಹೋಗಿ ಬರ್ತೀನಿ ಅಂದಿದ್ದಕ್ಕೆ ಅಮ್ಮ "ಪೊಲೀಸ್ ಎಸ್ಪಿ ಆಫೀಸಲ್ಲಿ ನಿಂಗೇನೋ ಕೆಲಸ" ಅಂತ ಗಾಬರಿಯಾಗಿದ್ರು. ಅದು ಸಾದರ ಪತ್ರಪ್ಪ ರಸ್ತೆ ಕಣಮ್ಮಾ ಅಂತ ಬಿಡಿಸಿ ಹೇಳೋ ಅಷ್ಟರಲ್ಲಿ ಟ್ರೈನ್ ಮಿಸ್ ಆಗೋದ್ರಲ್ಲಿತ್ತು. ಅಲ್ಲಿ ಆ ಇಕ್ಕಟ್ಟು ರೋಡಲ್ಲಿ ತಲೆ ಮೇಲೆ ಮಾನಿಟರ್ ಹೊತ್ಕೊಂಡು ಬರೋರು, ಸ್ಕೂಟರಲ್ಲಿ ಎಂಟು ಕ್ಯಾಬಿನೆಟ್ ಕಟ್ಕೊಂಡು ಹೋಗೋರ ಮಧ್ಯೆ ತೂರ್ಕೊಂಡು ಒಂದು ಅಂಗಡಿ ಸೇರಿ ಚೀಟಿ ಕೊಟ್ಟೆ.

ಅಂಗಡಿಯವ್ನು ಚೀಟಿ ನೋಡಿ, "ಸಾರ್, ಜಿ ಬೇಕಾ, ಜಿ ಇಲ್ದೇ ಇರೋದಾ?" ಅಂದ.

ಎರಡು ತಿಂಗಳು ಓದಿದ್ದಕ್ಕೆ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಂಗಾಯ್ತು. "ಜಿ ಯಾಕ್ರೀ, ಕ್ಯಾಶ್ ಅರ್ಧ ಇದೆ ಅದ್ರಲ್ಲಿ" ಅಂದೆ. ಅವ್ನು ಒಂದು ಗಳಿಗೆ ನನ್ನ ಮುಖ ನೋಡ್ದ. ಗೌರವದಿಂದ ಅಂತ ಅನ್ಕೊಂಡೆ. ಅಸೆಂಬ್ಲಿ ಮಾಡ್ಕೊಡ್ಲಾ ಅಂದ, ಅದೂ ಬೇಡ ಅಂದೆ.

ಸಾಯಂಕಾಲದ ಟ್ರೈನಲ್ಲಿ ಪಾಸ್‌ನೋರ ಮಧ್ಯೆ ಹೆಂಗೋ ಜಾಗ ಸಿಕ್ತು. ಕ್ಯಾಬಿನೆಟ್ ಡಬ್ಬ ಕಾಲ್ಹತ್ರ ಇಟ್ಕೊಂಡೆ. ಯಶವಂತಪುರ ದಾಟಿದ್ದೇ ತಡ ಎದುರುಗಡೆ ನಾಲ್ಕು ಜನ ಇಸ್ಪೀಟ್ ತೆಗೆದ್ರು. ದಿನಾ ಮಂಡಿ ಮೇಲೆ ಟವೆಲ್ ಹಾಸಿ ಆಡೋರು, ಅವತ್ತು ಟೇಬಲ್ಲೇ ಸಿಕ್ಕಿದೆ! "ಸ್ವಾಮಿ, ಒಳಗೆ ಗಾಜಿದೆ" ಅಂದೆ. "ಎಲೆ ಎಷ್ಟು ಭಾರ ಇರುತ್ತೆ ಬಿಡಿ" ಅಂತ ಹಾಕೇಬಿಟ್ರು. ಚಿಕ್ಕಬಾಣಾವರ ಬರೋ ಅಷ್ಟ್ರಲ್ಲಿ ಏನು ಸಾಮಾನು, ಎಷ್ಟಾಯ್ತು ಎಲ್ಲ ವಿಚಾರಣೆ ಮುಗೀತು. ಕನ್ನಡಕ ಹಾಕ್ಕೊಂಡಿದ್ದ ಒಬ್ರು ಎಲೆ ಜೋಡಿಸ್ಕೊಳ್ತಾ "ಗ್ರಾಫಿಕ್ಸ್ ಕಾರ್ಡ್ ಹಾಕ್ಸಿದ್ರಾ?" ಅಂದ್ರು. "ದೀಪಾವಳಿಗೆ" ಅಂದೆ. "ಹ್ಞೂಂ" ಅಂದು ನನ್ನ ಡಬ್ಬದ ಮೇಲೆ ರಾಜನ್ನ ಬಿಸಾಕಿದ್ರು. ಆ ಹ್ಞೂಂ ಅಲ್ಲೇ ಎಲ್ಲ ಇತ್ತು.

ಭಾನುವಾರ ಜೋಡಣೆ. ಕೂಲರ್ ಕೂರಿಸೋದು ಒಂದು ದೊಡ್ಡ ಕತೆ. ಡಬ್ಬದ ಜೊತೆ ಬಂದ ಫ್ಯಾನಿಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂ. ಅದಕ್ಕೆ ಮುಂಚೆ ಬೋರ್ಡ್ ಮೇಲಿರೋ ಪ್ಲಾಸ್ಟಿಕ್ ಕ್ಲಿಪ್ ಬಿಚ್ಬೇಕು, ಬಿಚ್ಚಿದ ತಕ್ಷಣ ಹಿಂದ್ಗಡೆ ಇರೋ ಲೋಹದ ಪಟ್ಟಿ ಠಣ್ ಅಂತ ಕೆಳಗೆ ಬೀಳುತ್ತೆ. ಬಿತ್ತು. ಇವಳನ್ನ ಕರೆದೆ, ಚಪಾತಿ ಲಟ್ಟಿಸ್ತಿದ್ದವಳು ಕೈ ತೊಳ್ಕೊಂಡು ಬಂದು ಪಟ್ಟಿನ ಕೆಳಗಿಂದ ಹಿಡ್ಕೊಂಡ್ಲು, ನಾನು ಮೇಲಿಂದ ಈ ಮೂಲೆ ಎರಡು ಸುತ್ತು, ಎದುರು ಮೂಲೆ ಎರಡು ಸುತ್ತು ಅಂತ ತಿರುಗಿಸ್ದೆ. ಒಂದು ಸ್ಕ್ರೂ ಹಿಡಿದ್ರೆ ಇನ್ನೊಂದು ಕಳ್ಚಿಕೊಳ್ಳೋದು. "ರೀ, ಕೈ ಸೋತೋಯ್ತು, ಇದೇನ್ ಗೋವರ್ಧನ ಗಿರಿನಾ" ಅಂದ್ಲು.

ಸ್ವಿಚ್ ಒತ್ತಿದೆ. ಫ್ಯಾನ್ ತಿರುಗ್ತು! ಕ್ಯಾಬಿನೆಟ್ ತುಂಬ ಬಣ್ಣಬಣ್ಣದ ಲೈಟ್, ಅಮ್ಮ "ಗಣೇಶನ್ನ ಇದ್ರೊಳಗೇ ಕೂರಿಸ್ಬೋದಿತ್ತು" ಅಂದ್ರು. ಮಾನಿಟರಲ್ಲಿ ಮಾತ್ರ "ನೋ ಸಿಗ್ನಲ್".

ರಾಮ್ ತೆಗೆದು ಹಾಕ್ದೆ. ಒಂದೊಂದೇ ಹಾಕ್ದೆ. ಕೇಬಲ್ ಬದಲಾಯಿಸ್ದೆ. ಬಯೋಸ್, ಅಂದ್ರೆ ಬೋರ್ಡಿನೊಳಗಿನ ಸಾಫ್ಟ್‌ವೇರ್, ಹಳೇದೇನೋ ಅಂತ ಅನುಮಾನ ಬಂತು, ಡಬ್ಬ ನೋಡಿದ್ರೆ ರೈಜನ್ 5000 ರೆಡಿ ಅಂತ ಸ್ಟಿಕ್ಕರ್ ಇದೆ. ಮೂರು ಗಂಟೆ ಆಯ್ತು. ಮಗಳು ಗಾಜಿನ ಪಕ್ಕ ಕೂತು "ಅಪ್ಪಾ, ಎಲ್ಲ ಲೈಟು ಬಣ್ಣ ಬದಲಾಯಿಸುತ್ತೆ, ಇದೊಂದು ಮಾತ್ರ ಬಿಳಿಯಾಗೇ ಇದೆ" ಅಂದ್ಲು. ಬೋರ್ಡಿನ ಅಂಚಲ್ಲಿ ಸಾಸಿವೆ ಕಾಳಷ್ಟು ಲೈಟು, ಪಕ್ಕದಲ್ಲಿ ವಿಜಿಎ ಅಂತ ಬರೆದಿದೆ. ನಾನು ಅದೂ ಡೆಕೋರೇಷನ್ನೇ ಅನ್ಕೊಂಡಿದ್ದೆ. ಮ್ಯಾನ್ಯುಯಲ್ ತೆಗೆದು ಓದಿದೆ, ಗ್ರಾಫಿಕ್ಸ್ ಸಿಕ್ಕಿಲ್ಲ ಅಂತ ಅದರ ಅರ್ಥ. ಆಮೇಲೆ ಜಿ ಅಂದ್ರೆ ಏನು ಅಂತಾನೂ ಹುಡುಕಿ ನೋಡ್ದೆ. ಜಿ ಅಂದ್ರೆ ಗ್ರಾಫಿಕ್ಸು. ಜಿ ಇಲ್ದೇ ಇರೋ ಪ್ರೊಸೆಸರಿಗೆ ಕಾರ್ಡ್ ಇಲ್ದೇ ಹೋದ್ರೆ ಪರದೆ ಮೇಲೆ ಒಂದು ಚುಕ್ಕೆನೂ ಬರಲ್ಲ. ಮಾನಿಟರ್ ಕೇಬಲ್ ಚುಚ್ಚೋಕೆ ಬೋರ್ಡಲ್ಲಿ ತೂತು ಕೊಟ್ಟಿರೋದು ಜಿ ತಗೊಂಡೋರಿಗೆ.

ಮತ್ತೆ ಟ್ರೈನು, ಮತ್ತೆ ಅದೇ ಅಂಗಡಿ. ಡಬ್ಬ ಒಡೆದ ಪ್ರೊಸೆಸರ್ ವಾಪಸ್ ಇಲ್ಲ ಅಂದ, ನ್ಯಾಯನೇ. ಪಕ್ಕದ ಗಲ್ಲಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ರಾಶಿ ಇತ್ತು. 2022ರ ಸೆಪ್ಟೆಂಬರಲ್ಲಿ ಎಥೀರಿಯಂ ಅನ್ನೋ ಕ್ರಿಪ್ಟೋ ಕಾಸಿನ ಮೈನಿಂಗ್ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡೆಲ್ಲ ಹಿಂಗೆ ಮಾರ್ಕೆಟ್ಟಿಗೆ ಬಂದಿದ್ವು, ಆದ್ರೆ ಅಲ್ಲಿ ವಿಚಾರಿಸಿದ್ರೆ ಒಂದೊಂದೂ "ಡಾಕ್ಟ್ರ ಮನೇದು ಸಾರ್, ಭಾನುವಾರ ಮಾತ್ರ ಆನ್ ಮಾಡ್ತಿದ್ರು". ಧೈರ್ಯ ಬರ್ಲಿಲ್ಲ. ಆರ್‌ಎಕ್ಸ್ 6600 ಹೊಸದೇ ತಗೊಂಡೆ, 8 ಜಿಬಿ, 21,000.

ಟ್ರೈನಲ್ಲಿ ಅದೇ ನಾಲ್ಕು ಜನ. ಕನ್ನಡಕದೋರು ನನ್ನ ಕೈಲಿದ್ದ ಡಬ್ಬ ನೋಡಿ "ದೀಪಾವಳಿ ಬೇಗ ಬಂತಲ್ರೀ" ಅಂದ್ರು. ಇನ್ನೊಬ್ರಿಗೆ ಬೇರೆ ಚಿಂತೆ, "ಇಷ್ಟು ಚಿಕ್ಕ ಡಬ್ಬ ತಂದ್ರೆ ಎಲೆ ಎಲ್ಲಿ ಹಾಕೋದು?"

ಮನೆಗೆ ಬಂದು ಕಾರ್ಡ್ ಕೂರಿಸಿ, ಎಂಟು ಪಿನ್ ವೈರ್ ಚುಚ್ಚಿ, ದೇವರಿಗೆ ಕೈ ಮುಗಿದು ಸ್ವಿಚ್ ಒತ್ತಿದೆ. ನೋ ಸಿಗ್ನಲ್. ನಾನು ಅಲ್ಲೇ ನೆಲದ ಮೇಲೆ ಕೂತೆ. ಮಗಳು ಹಿಂದ್ಗಡೆ ಬಗ್ಗಿ ನೋಡಿ "ಅಪ್ಪಾ, ಹೊಸಾದ್ರಲ್ಲೂ ಇಂಥದೇ ತೂತಿದೆ, ವೈರ್ ಹಳೇ ತೂತಲ್ಲೇ ಇದ್ಯಲ್ಲ" ಅಂದ್ಲು. ಕಿತ್ತು ಹೊಸ ತೂತಿಗೆ ಹಾಕಿದ್ಲು. ಚಿತ್ರ ಬಂತು.

ಇವಳು ಸದ್ದಿಲ್ದೇ ಹೋಗಿ ಡೈರಿ ತಂದು, ಆ ಎರಡು ಗೆರೆ ಕೆಳಗೆ ಬರೆದ್ಲು: "ಜಿ 21,000".